ದುಡ್ಡು ಬಂತು, ಬಿಲ್ಲೂ ಬಂತು

ಮಾರ್ಚ್ ಮುಗಿಯುವಷ್ಟರಲ್ಲಿ ಬಳ್ಳಾರಿಯ ಅರ್ಧ ಊರು ಕೂಲರ್ ಅಂಗಡಿಯಲ್ಲಿರುತ್ತದೆ. ತಂದ ಕೂಲರ್ ರಾಯಲ್ ಸರ್ಕಲ್ಲಿನ ಮಧ್ಯಾಹ್ನದ ಗಾಳಿಯನ್ನೇ ಮನೆಯೊಳಗೆ ಊದಿತು, ವಾಪಸ್ ತಗೊಂಡ ಅಂಗಡಿ ದುಡ್ಡು ಮಾತ್ರ ಕೊಡಲಿಲ್ಲ, ಕೊನೆಗೆ ಕ್ರೆಡಿಟ್ ಕಾರ್ಡಿನ ಬ್ಯಾಂಕಿಗೆ ತಕರಾರು ಹಾಕಿ 12,000 ರೂಪಾಯಿ ಜಮಾ ಮಾಡಿಸಿಕೊಂಡಿರಿ ಅಂತಿಟ್ಟುಕೊಳ್ಳಿ. ಆ ಖುಷಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಳ್ಳುವಾಗಲೇ ಅಂಗಡಿಯಿಂದ ಫೋನು. "ಅಣ್ಣಾ, ನಿಮ್ದು ಹನ್ನೆರಡು ಸಾವ್ರ ಬಾಕಿ ತೋರಸಾಕತ್ತೈತೆ ನೋಡ್ರಿ. ಯಾವಾಗ ಕಟ್ತೀರಿ?"

ಬೈಯಬೇಡಿ. ಅವರ ಲೆಕ್ಕದಲ್ಲಿ ಬಾಕಿ ಇರುವುದು ನಿಜ. ನಿಮ್ಮ ಬ್ಯಾಂಕು ಅಂಗಡಿಯ ಬ್ಯಾಂಕಿನಿಂದ ಹಣ ಎಳೆದುಕೊಂಡಿತು, ಆ ಬ್ಯಾಂಕು ಅಂಗಡಿಯ ಖಾತೆಯಲ್ಲಿ ಮುರಿದುಕೊಂಡಿತು. ಚಾರ್ಜ್‌ಬ್ಯಾಕ್ ಅಂದರೆ ಇಷ್ಟೇ. ಬಿಲ್ ರದ್ದು ಮಾಡುವ ಅಧಿಕಾರ ಎರಡೂ ಬ್ಯಾಂಕಿಗಿಲ್ಲ. ಅಂಗಡಿಯ ಕಂಪ್ಯೂಟರಿಗೆ ಗೊತ್ತಿರುವುದು ಸಾಮಾನು ಹೋಗಿದೆ, ಬಂದಿದ್ದ ದುಡ್ಡೂ ಹೋಗಿದೆ ಅಂತ. ಕೂಲರ್ ತಮ್ಮದೇ ಗೋಡೌನಿನಲ್ಲಿ ಕೂತಿದೆ ಅಂತ ಅದಕ್ಕೆ ಯಾರೂ ಹೇಳಿಲ್ಲ.

ಅದನ್ನು ಹೇಳಿ ಬಿಲ್ಲಿನ ಬಾಕಿ ಇಳಿಸುವ ಕಾಗದದ ಹೆಸರು ಕ್ರೆಡಿಟ್ ನೋಟ್. ಬಿಲ್ ಹಾಕಿ ಮಾರಿದ ಸಾಮಾನು ವಾಪಸ್ ಬಂದರೆ ಅದನ್ನು ಕೊಡುವ ದಾರಿ 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿದೆ. ಹಾಗೆ ಮಾಡಿದರೆ ಆ ಮಾರಾಟದ ತೆರಿಗೆಯೂ ಅಂಗಡಿಯವರ ಲೆಕ್ಕದಿಂದ ಇಳಿಯುತ್ತದೆ. ಕೌಂಟರಿನ ಹುಡುಗನ ಮುಂದೆ ಸೆಕ್ಷನ್ ಓದಿದರೆ ಅವನು ಮುಂದಿನ ಗಿರಾಕಿಗೆ ಫ್ಯಾನ್ ತೋರಿಸಲು ಹೋಗುತ್ತಾನೆ. ಅಕೌಂಟ್ಸ್ ನೋಡುವವರನ್ನು ಹುಡುಕಿ. "ನಿಮ್ ಟ್ಯಾಕ್ಸ್ ಉಳಿತೈತೆ ಸರ" ಅನ್ನಿ, ಕುರ್ಚಿ ಕೊಡುತ್ತಾರೆ. ಆಮೇಲೆ ಬಿಲ್ ನಂಬರ್, ವಾಪಸ್ ಕೊಟ್ಟ ತಾರೀಕು, ತಕರಾರಿನ ಸಂಖ್ಯೆ, ಈ ಮೂರನ್ನೂ ಬರೆದು, ಕ್ರೆಡಿಟ್ ನೋಟ್ ಕೊಡಿ ಅಂತ ಇಮೇಲ್ ಹಾಕಿ. ಫೋನಿನಲ್ಲಿ ಗೆದ್ದ ವಾದಕ್ಕೆ ಸಾಕ್ಷಿ ಇರುವುದಿಲ್ಲ.

ಸಾಕ್ಷಿ ಅಂದಾಗ ಕಾರ್ಡ್ ಸ್ವೈಪ್ ಮಾಡಿದ ಚೀಟಿಯ ಮಾತು. ಅದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಕೆಡುತ್ತದೆ. ಜೋಪಾನ ಮಾಡೋಣ ಅಂತ ಬಿಸಿ ಲ್ಯಾಮಿನೇಷನ್ ಮಾಡಿಸಿದರಂತೂ ಪೂರ್ತಿ ಕಪ್ಪು, ಸಾಕ್ಷಿಯ ಜಾಗದಲ್ಲಿ ಸ್ಲೇಟು. ಬಂದ ದಿನವೇ ಫೋಟೊ ಹೊಡೆದಿಡಿ. ವಾಪಸ್ ಒಯ್ದಾಗ ಸಹಿ, ಸೀಲು, ಸೀರಿಯಲ್ ನಂಬರ್ ಹಾಕಿಸಿದ ಚೀಟಿಯಂತೂ ಬೇಕೇ ಬೇಕು.

ಬ್ಯಾಂಕು ಮೊದಲು ಹಾಕುವ ಹಣ ಸಾಮಾನ್ಯವಾಗಿ ತಾತ್ಕಾಲಿಕ. ಅಂಗಡಿಯವರು ಡೆಲಿವರಿ ಸಹಿ ತೋರಿಸಿ ಎದುರು ವಾದ ಹೂಡಬಹುದು. ಅವರ ವಾದ ಗೆದ್ದರೆ ಆ 12,000 ಮತ್ತೆ ನಿಮ್ಮ ಕಾರ್ಡಿನ ಮೇಲೆ ಬೀಳುತ್ತದೆ. ಫೋನಿಗೆ ಹೆದರಿ ಅಂಗಡಿಗೂ ಕಟ್ಟಿಬಿಟ್ಟಿದ್ದರೆ ಒಂದು ಕೂಲರಿಗೆ ಎರಡು ಕೂಲರಿನ ಹಣ, ಮನೆಯಲ್ಲಿ ಒಂದೂ ಇಲ್ಲ. ತಕರಾರು ಮುಗಿಯಿತು ಅಂತ ಬ್ಯಾಂಕು ಬರಹದಲ್ಲಿ ಹೇಳುವವರೆಗೆ ಅಂಗಡಿಗೆ ಕಾಸು ಬಿಚ್ಚಬೇಡಿ. ಕಾರ್ಡಿನ ಉಳಿದ ಬಾಕಿಯನ್ನು ಮಾತ್ರ ಗಡುವಿನೊಳಗೆ ಪೂರ್ತಿ ಕಟ್ಟಿ. ತಕರಾರು ಇದೆ ಅಂತ ಪೆಟ್ರೋಲಿನ ಬಿಲ್ಲಿಗೆ ಬಡ್ಡಿ ನಿಲ್ಲುವುದಿಲ್ಲ.

ಇನ್ನು ಕೆಲವರು ತಕರಾರು ಹಾಕುವಾಗಲೇ ಎಡವುತ್ತಾರೆ. ಆ್ಯಪಿನಲ್ಲಿ ಮೊದಲು ಕಾಣುವ "ಈ ವ್ಯವಹಾರ ನಾನು ಮಾಡಿಲ್ಲ" ಒತ್ತುತ್ತಾರೆ. ಅದು ವಂಚನೆಯ ದೂರು. ಕಾರ್ಡ್ ಬ್ಲಾಕ್ ಆಗುತ್ತದೆ, ಅದಕ್ಕೆ ಕಟ್ಟಿದ್ದ ಜೆಸ್ಕಾಂ ಕರೆಂಟ್ ಬಿಲ್ಲಿನ ಆಟೊ ಪೇ ನಿಲ್ಲುತ್ತದೆ, ನೀವೇ ಪಿನ್ ಒತ್ತಿದ ದಾಖಲೆ ಎದುರಿಗೆ ಬರುತ್ತದೆ. "ಸಾಮಾನು ವಾಪಸ್ ಕೊಟ್ಟೆ, ಹಣ ಬಂದಿಲ್ಲ" ಅನ್ನುವುದು ಬೇರೆ ಕಾರಣ, ಅದನ್ನೇ ಆರಿಸಬೇಕು.

ಅಂಗಡಿಯವರೇ ಸರಿ ಇರುವ ಸಂದರ್ಭವೂ ಉಂಟು. ತಡವಾಗಿ ಅವರೂ ರೀಫಂಡ್ ಮಾಡಿ, ಬ್ಯಾಂಕೂ ಜಮಾ ಮಾಡಿದ್ದರೆ ಸ್ಟೇಟ್‌ಮೆಂಟಿನಲ್ಲಿ ಎರಡು 12,000 ಕಾಣುತ್ತವೆ. ಒಂದು ನಿಮ್ಮದಲ್ಲ. ಮೊದಲು ಬ್ಯಾಂಕಿಗೆ ಹೇಳಿ ತಕರಾರು ಹಿಂಪಡೆಯಲು ನೋಡಿ. ಅದಾಗದಿದ್ದರೆ ಬಿಲ್ ನಂಬರ್ ನಮೂದಿಸಿ ಅಂಗಡಿಯ ಹೆಸರಿನ ಖಾತೆಗೇ ಹಾಕಿ ರಸೀದಿ ಪಡೆಯಿರಿ. "ನನ್ ನಂಬರಿಗೇ ಹಾಕ್ರಿ ಅಣ್ಣಾ" ಅನ್ನುವ ಹುಡುಗ ಎಷ್ಟೇ ಒಳ್ಳೆಯವನಿರಲಿ, ಬೇಡ.

ಬ್ಯಾಂಕು ಸುಮ್ಮನಿದ್ದರೆ, ಬಿಲ್ಲಿನ ತಕರಾರಿಗೆ 30 ದಿನದೊಳಗೆ ವಿವರಣೆ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ. ಆಮೇಲೂ ಉತ್ತರವಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು, ವಿಚಾರಿಸಲು 14448. ಅಂಗಡಿಯ ಮೇಲಾದರೆ ಗ್ರಾಹಕ ಸಹಾಯವಾಣಿ 1915, ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ಗಡುವು ಎರಡು ವರ್ಷ.

ಕ್ರೆಡಿಟ್ ನೋಟ್ ಕೈಗೆ ಬಂದಾಗ ಹಳೆಯ ಬಿಲ್ ನಂಬರ್ ಮತ್ತು ಜಿಎಸ್‌ಟಿ ಸೇರಿದ ಪೂರ್ತಿ ಮೊತ್ತ ಇದೆಯಾ ನೋಡಿ. "ಆರು ತಿಂಗಳೊಳಗೆ ನಮ್ಮಲ್ಲೇ ಏನಾದರೂ ಕೊಳ್ಳಿ" ಅಂತ ಬರೆದಿದ್ದರೆ ಅದು ನೀವು ಕೇಳಿದ ಕಾಗದವಲ್ಲ, ಅಂಗಡಿಯ ಕೂಪನ್ನು, ಹಿಂದಿರುಗಿಸಿ. ಅದರಲ್ಲಿ ಮಿಕ್ಸಿ ಎತ್ತಿಕೊಂಡು ಬಂದರೆ ಮುಂದಿನ ಫೋನು ಮಿಕ್ಸಿಯದು.