ಸ್ಟುಟ್‌ಗಾರ್ಟ್‌ನಲ್ಲಿ ಬೇಕು, ಸುಂಟಿಕೊಪ್ಪದಲ್ಲಿ ಬೇಡ

ಕೊಡಗಿನ ಸುಂಟಿಕೊಪ್ಪದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೂ ನನಗೂ ಈಗೊಂದು ಜಗಳ ನಡೆದಿದೆ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ವ್ಯಾಪಾರಿಯೊಬ್ಬರ ಹತ್ತಿರ ಅವನು 2017ರ ಫೋರ್ಡ್ ಮಸ್ಟ್ಯಾಂಗ್ ನೋಡಿಟ್ಟಿದ್ದಾನೆ. ಕಾರಿನ ಜೊತೆ ಒಂದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ತಗೊಳ್ಳಿ ಎನ್ನುತ್ತಿದ್ದಾರೆ ಅವರು, ಅದಕ್ಕೆ ದುಡ್ಡು ಬೇರೆ. ನಾನು ಬೇಡ ಅಂದೆ. ಅವನ ಉತ್ತರ: “ಅಣ್ಣ, ನೀನು ನಿನ್ನ ಪೋರ್ಷೆಗೆ ದುಡ್ಡು ಕಟ್ಟಿ ವಾರಂಟಿ ಇಟ್ಕೊಂಡಿದ್ದೀಯ. ನನಗೆ ಮಾತ್ರ ಬೇಡ ಅಂತೀಯ. ಇದ್ಯಾವ ನ್ಯಾಯ?”

ಕೇಳಬೇಕಾದ ಪ್ರಶ್ನೆಯೇ. ಅವನೊಬ್ಬನದೂ ಅಲ್ಲ. ರೊಬಸ್ಟಾ ಕಾಫಿಗೆ 2024ರಲ್ಲಿ ಕಂಡು ಕೇಳರಿಯದ ರೇಟು ಬಂದ ಮೇಲೆ ನಮ್ಮ ಕಡೆಯ ಹುಡುಗರ ಕಣ್ಣು ಜೀಪಿನಿಂದ ಆಚೆಗೂ ಹೋಗಿದೆ. ತಪ್ಪೇನಿಲ್ಲ, ದುಡಿದ ದುಡ್ಡು. ಆದರೆ ವಾರಂಟಿ ಕಾಗದದ ಬೆಲೆ ಅದರ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಅದನ್ನು ಹಿಡಿದು ಯಾವ ಊರಿನಲ್ಲಿ ನಿಂತಿದ್ದೇವೆ ಎಂಬುದರ ಮೇಲಿದೆ ಅಂತ ನನ್ನ ವಾದ.

ಮೊದಲು ನನ್ನ ಕಡೆಯದ್ದು ಹೇಳಿಬಿಡುತ್ತೇನೆ. ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಪೋರ್ಷೆ ಕಾರ್ಖಾನೆಯಿರುವ ಟ್ಸುಫೆನ್‌ಹೌಸನ್ ಈ ಊರಿನದೇ ಒಂದು ಭಾಗ. ಜರ್ಮನಿಯಲ್ಲಿ ವ್ಯಾಪಾರಿಯಿಂದ ಹಳೆ ಕಾರು ಕೊಂಡರೆ, ವಾರಂಟಿಯ ಮಾತೇ ಎತ್ತದಿದ್ದರೂ ಕಾನೂನು ಮಾರಿದವನನ್ನು ಹೊಣೆ ಮಾಡುತ್ತದೆ. ಹೊಣೆಯ ಅವಧಿ ಎರಡು ವರ್ಷ. ಹಳೆ ಮಾಲಿಗೆ ಅದನ್ನು ಒಂದು ವರ್ಷಕ್ಕೆ ಇಳಿಸಬಹುದು, ಆದರೆ 2022ರ ಜನವರಿಯಿಂದ ಈಚೆಗೆ ಗ್ರಾಹಕನಿಗೆ ಮೊದಲೇ ಬಿಡಿಸಿ ಹೇಳಿ ಪ್ರತ್ಯೇಕ ಒಪ್ಪಿಗೆ ಪಡೆಯಬೇಕು. ನನಗೂ ಮಾರಾಟದ ಕರಾರಿನ ಜೊತೆ ಇದಕ್ಕೆಂದೇ ಒಂದು ಹಾಳೆ ಕೊಟ್ಟು, ಕೆಳಗೆ ಬೇರೆ ಸಹಿ ಹಾಕಿಸಿಕೊಂಡರು. ಆಗಲೇ ಬಂದ ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು: ಕೊಂಡ ಒಂದು ವರ್ಷದೊಳಗೆ ದೋಷ ಕಂಡರೆ, ಅದು ಮಾರುವಾಗಲೇ ಇತ್ತು ಎಂದೇ ಲೆಕ್ಕ. ಇರಲಿಲ್ಲ ಎಂದು ತೋರಿಸಬೇಕಾದವನು ವ್ಯಾಪಾರಿ. ಮೊದಲು ಇದು ಆರು ತಿಂಗಳಷ್ಟೇ ಇತ್ತು. ಖಾಸಗಿಯವರು ಮಾರುವಾಗ ಈ ಹೊಣೆಯನ್ನೆಲ್ಲ ಕರಾರಿನಲ್ಲೇ ತೆಗೆದುಹಾಕಬಹುದು, ಹಾಗಾಗಿ ‘ಇದು ನನ್ನ ಕಾರಲ್ಲ, ಓನರ್ ಪರವಾಗಿ ಮಾರಿಕೊಡುತ್ತಿದ್ದೇನೆ ಅಷ್ಟೆ’ ಎನ್ನುವ ವ್ಯಾಪಾರಿಗಳೂ ಇದ್ದಾರೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಜರ್ಮನಿಯಲ್ಲೂ ಸಿಗುತ್ತಾರೆ.

ಅಂದರೆ ಮೊದಲ ವರ್ಷದ ಭಯಕ್ಕೆ ನಾನು ದುಡ್ಡು ಕೊಡಬೇಕಿಲ್ಲ. ನಾನು ಕೊಟ್ಟಿದ್ದು ಆಮೇಲಿನ ವರ್ಷಗಳಿಗೆ.

ಆ ವರ್ಷಗಳಿಗೂ ಸಿಕ್ಕಿದ್ದನ್ನೆಲ್ಲ ಕೊಳ್ಳುವಂತಿಲ್ಲ. ಇಲ್ಲಿನ ವ್ಯಾಪಾರಿಗಳು ಹಳೆ ಕಾರಿನ ಜೊತೆ ಮಾರುವ ಮಾಮೂಲಿ ವಾರಂಟಿ ನಿಜದಲ್ಲಿ ಒಂದು ಇನ್ಶೂರೆನ್ಸ್. ಅದರ ಹಿಂಬದಿಯಲ್ಲಿ ಸಣ್ಣಕ್ಷರದ ಒಂದು ಕೋಷ್ಟಕವಿರುತ್ತದೆ. ಕಾರು ಐವತ್ತು ಸಾವಿರ ಕಿಲೋಮೀಟರ್ ಓಡುವವರೆಗೆ ಬಿಡಿಭಾಗದ ಪೂರ್ತಿ ಬೆಲೆ, ಆಮೇಲೆ ಹತ್ತು ಸಾವಿರಕ್ಕೊಂದು ಮೆಟ್ಟಿಲು ಇಳಿಯುತ್ತ, ಒಂದು ಲಕ್ಷ ದಾಟಿದ ಮೇಲೆ ನಲವತ್ತು ಶೇಕಡಾ. ಸಾಮಾನ್ಯವಾಗಿ ಇದೇ ಲೆಕ್ಕ. ನಾಲ್ಕು ಸಾವಿರ ಯೂರೋದ ಬಿಡಿಭಾಗ ಹೋಯಿತು ಅನ್ನಿ, ಅವರು ಕೊಡುವುದು 1,600, ಉಳಿದ 2,400 ನಮ್ಮ ಜೇಬಿನಿಂದ. ಇದಕ್ಕೆ ನಾನು ಕೈ ಹಾಕಲಿಲ್ಲ.

ನಾನು ತೆಗೆದುಕೊಂಡಿದ್ದು ತಯಾರಕರೇ ಕೊಡುವ ವಾರಂಟಿ. ಕಾರಿಗೆ ಹದಿನೈದು ವರ್ಷ ಅಥವಾ ಎರಡು ಲಕ್ಷ ಕಿಲೋಮೀಟರ್ ಆಗುವವರೆಗೆ ಮುಂದುವರಿಸಬಹುದು. ಮೊದಲು 111 ಅಂಶಗಳ ತಪಾಸಣೆಯಲ್ಲಿ ಪಾಸಾಗಬೇಕು, ಮತ್ತು ಆ ತಪಾಸಣೆ ಬಾಯಿಮಾತಿನದ್ದಲ್ಲ. ಟೈರಿನ ಪಕ್ಕದ ಮೇಲೆ ‘ಎನ್’ ಅಕ್ಷರವಿದೆಯೇ ಎಂದು ಬಗ್ಗಿ ನೋಡುತ್ತಾರೆ, ಪೋರ್ಷೆ ತಾನೇ ಒಪ್ಪಿದ ಟೈರು ಎಂಬುದಕ್ಕೆ ಅದು ಗುರುತು. ಇಂಜಿನ್ನಿನ ಕಂಪ್ಯೂಟರಿನಿಂದ ಓವರ್-ರೆವ್ ಲೆಕ್ಕ ತೆಗೆಯುತ್ತಾರೆ. ಹಿಂದಿನ ಓನರ್ ಇಂಜಿನ್ನನ್ನು ಮಿತಿ ಮೀರಿ ತಿರುಗಿಸಿದ್ದರೆ, ಎಷ್ಟು ಸಲ ಮತ್ತು ಇಂಜಿನ್ ಎಷ್ಟು ಗಂಟೆ ಓಡಿದ್ದಾಗ ಎನ್ನುವುದೆಲ್ಲ ಅದರಲ್ಲಿ ಉಳಿದಿರುತ್ತದೆ. ಮಾರುವವರ ನಗುಮುಖಕ್ಕಿಂತ ಈ ಒಂದು ಪುಟ ನನಗೆ ಹೆಚ್ಚು. ಇದಲ್ಲದೆ ಈ ಕಾರಿನ ಪಿಡಿಕೆ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕಾಗಿ ಬಂದರೆ ಹತ್ತು ಸಾವಿರ ಯೂರೋ ದಾಟುವ ಬಿಲ್ಲು. ಆ ಒಂದು ಬಿಲ್ಲಿಗೆ ಹೆದರಿಯೇ ನಾನು ದುಡ್ಡು ಕಟ್ಟುತ್ತಿರುವುದು. ಕೆಟ್ಟರೆ ವರ್ಕ್‌ಶಾಪು ಟ್ರ್ಯಾಮ್ ಹತ್ತಿ ಹೋಗುವಷ್ಟು ದೂರ.

ಮಾಡೆಲ್ ಆರಿಸುವಾಗಲೂ ಇದೇ ಲೆಕ್ಕ ಹಾಕಿದ್ದೆ. ಪೋರ್ಷೆಯ 1997ರಿಂದ 2008ರವರೆಗಿನ ಬಾಕ್ಸ್‌ಸ್ಟರ್, ಕೇಮನ್, ಮಾಮೂಲಿ 911ಗಳ ಇಂಜಿನ್ನಿನಲ್ಲಿ ಇಂಟರ್‌ಮೀಡಿಯೇಟ್ ಶಾಫ್ಟಿನ ಬೇರಿಂಗ್ ಎಂಬ ಒಂದು ಕುಖ್ಯಾತ ಭಾಗವಿದೆ. ಎಲ್ಲ ಕಾರಿನಲ್ಲೂ ಹೋಗುವುದಿಲ್ಲ, ಆದರೆ ಹೋದರೆ ಇಂಜಿನ್ನನ್ನೇ ಕರೆದುಕೊಂಡು ಹೋಗುತ್ತದೆ. 2009ರ ಹೊಸ ಇಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ನನ್ನದು ಅದರ ಈಚಿನ ಕಾರು. ಹಿಂದಿನದನ್ನು ಕೊಂಡು ಮೇಲೆ ಹೊರಗಿನ ಕಂಪನಿಯೊಂದರ ವಾರಂಟಿ ಹಾಕಿಸಿಕೊಂಡರೆ, ಬೇರಿಂಗ್ ಹೋದ ದಿನ ಅವರು ‘ಇದು ಸವೆತ, ದೋಷವಲ್ಲ’ ಅನ್ನುವ ಸಾಧ್ಯತೆಯೇ ಹೆಚ್ಚು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು.

ಈಗ ಸುಂಟಿಕೊಪ್ಪಕ್ಕೆ ಬರೋಣ.

ಮಸ್ಟ್ಯಾಂಗ್ ನಮ್ಮ ದೇಶಕ್ಕೆ ಬಂದದ್ದು 2016ರಲ್ಲಿ, ಐದು ಲೀಟರಿನ ವಿ8 ಇಂಜಿನ್ ಹೊತ್ತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಸರ್ವೀಸು, ಬಿಡಿಭಾಗ ಮುಂದುವರಿಯುತ್ತದೆ ಎಂದೂ ಹೇಳಿತು. ಇರಲಿ. ಆದರೆ ತಮ್ಮನಿಗೆ ಕೊಡುತ್ತಿರುವ ವಾರಂಟಿ ಫೋರ್ಡಿನದ್ದಲ್ಲ. ವ್ಯಾಪಾರಿ ಮಾರುತ್ತಾರೆ, ಕ್ಲೇಮು ನೋಡಿಕೊಳ್ಳುವುದು ಇನ್ನೊಂದು ಕಂಪನಿ, ದುಡ್ಡು ಬರಬೇಕಾದದ್ದು ಮೂರನೆಯವರಿಂದ. ಅವನು ಕಳಿಸಿದ ಕರಾರನ್ನು ಕೂತು ಓದಿದೆ. ಇಂಜಿನ್, ಗೇರ್‌ಬಾಕ್ಸ್ ಸೇರಿದೆ ಎಂದು ಮೊದಲ ಪುಟದಲ್ಲಿ ದಪ್ಪಕ್ಷರ. ಒಳಗೆ ಹೋದರೆ ಸೀಲು, ಗ್ಯಾಸ್ಕೆಟ್ಟು, ರಬ್ಬರ್ ಬುಷ್ಷು, ಸೆನ್ಸರು, ವೈರಿಂಗು ಎಲ್ಲ ಹೊರಗೆ. ಇಂಜಿನ್ ಬಿಚ್ಚಿ ನೋಡಿದ ಖರ್ಚು, ಕ್ಲೇಮು ಪಾಸಾಗದಿದ್ದರೆ, ಗ್ರಾಹಕನದ್ದೇ. ರಿಪೇರಿ ಅವರು ಗೊತ್ತುಮಾಡಿದ ಗ್ಯಾರೇಜಿನಲ್ಲೇ ಆಗಬೇಕು, ಅದಿರುವುದು ಬೆಂಗಳೂರಿನಲ್ಲಿ, ಮತ್ತು ಪುಕ್ಕಟೆ ಟೋಯಿಂಗ್ ಐವತ್ತು ಕಿಲೋಮೀಟರಿಗೆ ಮುಗಿಯುತ್ತದೆ.

ಸುಂಟಿಕೊಪ್ಪದಿಂದ ಐವತ್ತು ಕಿಲೋಮೀಟರ್ ಅಂದರೆ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಆಚೆ ಎಲ್ಲೋ. ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಹೆಚ್ಚು. ಉಳಿದ ದೂರಕ್ಕೆ ಫ್ಲ್ಯಾಟ್‌ಬೆಡ್ ಲಾರಿ ಬಾಡಿಗೆ ಕೊಡುವವರು ನಮ್ಮ ಚಿಕ್ಕಪ್ಪ.

ಸರ್ವೀಸಿನ ಷರತ್ತು ಇನ್ನೂ ಚೆನ್ನಾಗಿದೆ. ಹೇಳಿದ ತಾರೀಖಿನಿಂದ ಮೂವತ್ತು ದಿನದೊಳಗೆ ಅವರ ಗ್ಯಾರೇಜಿನಲ್ಲಿ ಸರ್ವೀಸ್ ಆಗದಿದ್ದರೆ ವಾರಂಟಿ ರದ್ದು. ಬೆಂಗಳೂರಿನಲ್ಲಿ ಕೂತು ಇದನ್ನು ಬರೆದವರಿಗೆ ಕೊಡಗಿನ ಜುಲೈ ತಿಂಗಳು ಗೊತ್ತಿಲ್ಲ. ನಮ್ಮ ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಚಿಕ್ಕಪ್ಪನ ಪುಸ್ತಕ ತೆರೆದರೆ, ಯಾವ ಯಾವ ವಾರ ಈ ಕಾರು ಶೆಡ್ಡಿನಿಂದ ಹೊರಗೆ ಬರುವುದಿಲ್ಲ ಅಂತ ಈಗಲೇ ಹೇಳಬಹುದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಹಳ ದಿನ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಅಷ್ಟು ದೊಡ್ಡದು ಆಗದಿದ್ದರೂ, ತೋಟದ ಗೇಟಿನಿಂದ ಟಾರು ರಸ್ತೆಯವರೆಗಿನ ಮಣ್ಣಿನ ದಾರಿ ಮಳೆಗಾಲದಲ್ಲಿ ಜೀಪಿನದ್ದು, ಮಸ್ಟ್ಯಾಂಗಿನದ್ದಲ್ಲ. ಶೆಡ್ಡಿನಲ್ಲಿ ಮೂರು ತಿಂಗಳು ನಿಂತ ಕಾರಿಗೆ ಆಗುವುದೇನು? ಬ್ಯಾಟರಿ ಇಳಿಯುತ್ತದೆ, ಸೀಟಿಗೆ ಬೂಷ್ಟು ಹಿಡಿಯುತ್ತದೆ, ನಿಂತಲ್ಲೇ ನಿಂತು ಟೈರು ಚಪ್ಪಟೆಯಾಗುತ್ತದೆ, ಇಲಿ ವೈರು ಕಡಿಯುತ್ತದೆ. ಇವುಗಳಲ್ಲಿ ಒಂದಕ್ಕೂ ಆ ಕರಾರಿನಲ್ಲಿ ಬಿಡಿಗಾಸಿಲ್ಲ.

ಇಲಿಯ ಮಾತು ಬಂತು, ಇದನ್ನೂ ಹೇಳುತ್ತೇನೆ. ಜರ್ಮನಿಯಲ್ಲೂ ವೈರು ಕಡಿಯುವ ಪ್ರಾಣಿಯಿದೆ. ಮಾರ್ಡರ್ ಅಂತ, ಮುಂಗುಸಿಯ ಗಾತ್ರದ್ದು. ರಾತ್ರಿ ಬಾನೆಟ್ಟಿನ ಕೆಳಗೆ ನುಗ್ಗಿ ರಬ್ಬರ್ ಪೈಪು, ಕೇಬಲ್ಲು ಕಡಿದು ಹೋಗುತ್ತದೆ. ಇದೆಷ್ಟು ಮಾಮೂಲಿ ಎಂದರೆ ಕಾರಿನ ಇನ್ಶೂರೆನ್ಸ್ ಕೊಳ್ಳುವಾಗ ‘ಮಾರ್ಡರ್ ಕಡಿತ’ ಎಂದೇ ಒಂದು ಸಾಲಿರುತ್ತದೆ, ಕಡಿತದಿಂದ ಮುಂದೆ ಆಗುವ ಹಾನಿ ಸೇರಿದೆಯೋ ಇಲ್ಲವೋ ಎಂದು ಜನ ಹೋಲಿಸಿ ನೋಡಿ ಕೊಳ್ಳುತ್ತಾರೆ. ಊರಿನ ಅಪಾಯ ಯಾವುದೆಂದು ಕಾಗದ ಬರೆದವರಿಗೆ ಗೊತ್ತಿದೆ ಎಂದಾಯಿತು. ತಮ್ಮನ ಕರಾರಿನಲ್ಲಿ ಇಲಿಯ ಹೆಸರಿದೆ, ಹೊರಗಿಟ್ಟವುಗಳ ಪಟ್ಟಿಯಲ್ಲಿ.

“ಹಾಗಾದರೆ ಮೋಸ ಆದರೆ ಏನು ಮಾಡಲಿ?” ಅಂತ ಕೇಳಿದ. ಇದಕ್ಕೂ ಉತ್ತರವಿದೆ, ಜರ್ಮನಿಯಷ್ಟು ಸಲೀಸಲ್ಲ ಅಷ್ಟೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಪಾರಿ ಬೆಂಗಳೂರಿನವರಾದರೂ, ಕಾರಿಗೆ ಕೊಟ್ಟ ದುಡ್ಡು ಐವತ್ತು ಲಕ್ಷ ದಾಟದಿದ್ದರೆ, ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬಹುದು, ಎರಡು ವರ್ಷದೊಳಗೆ. ಈ ಹಕ್ಕಿಗೆ ಅವನು ವಾರಂಟಿ ಕೊಂಡಿರಬೇಕೆಂದಿಲ್ಲ, ಬಿಲ್ಲು ಇರಬೇಕು ಅಷ್ಟೆ. ಕಡಿಮೆ ದುಡ್ಡಿಗೆ ಬಿಲ್ಲು ಬರೆಯೋಣ, ಟ್ಯಾಕ್ಸ್ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬರಬೇಕು. ಆದರೆ ದೋಷ ಮೊದಲೇ ಇತ್ತು ಎಂದು ತೋರಿಸುವ ಭಾರ ನಮ್ಮ ದೇಶದಲ್ಲಿ ಕೊಂಡವನ ತಲೆ ಮೇಲೆ ಬೀಳುತ್ತದೆ, ಹಾಗಾಗಿ ಕೊಳ್ಳುವ ಮುಂಚಿನ ತಪಾಸಣೆಯ ವರದಿಯೇ ಅವನ ಸಾಕ್ಷಿ.

ಆ ತಪಾಸಣೆಯಲ್ಲಿ ನಮ್ಮವರು ಜರ್ಮನ್ನರಿಗಿಂತ ಕಡಿಮೆಯೇನಲ್ಲ ಎಂಬುದು ನನಗೆ ಹೆಮ್ಮೆಯ ವಿಷಯ. ನಮ್ಮ ಕಡೆ ಹಳೆ ಜೀಪು ಕೊಳ್ಳುವವರು ಮೆಕ್ಯಾನಿಕ್ಕನ್ನು ಜೊತೆಗೆ ಕೂರಿಸಿಕೊಂಡೇ ಹೋಗುವುದು. ಅವರು ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುತ್ತಾರೆ. ಬಿಸಿಯಿದ್ದರೆ, “ಯಾಕ್ರೀ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದೀರಾ?” ಅಂತ ಕೇಳಿ, ತಣ್ಣಗಾಗಲಿ ಅಂತ ಟೀ ಕುಡಿಯಲು ಹೋಗುತ್ತಾರೆ. ವಾಪಸ್ಸು ಬಂದು ತಣ್ಣನೆ ಇಂಜಿನ್ ಹೊಡೆಸಿ, ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಬರುತ್ತದೆಯೇ ನೋಡಿ, ಕೊನೆಗೆ ಡಿಪ್‌ಸ್ಟಿಕ್ಕಿನ ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜಿ ಮೂಸುತ್ತಾರೆ. ಮಾರುವವನೂ ಅದೇ ತಾಲೂಕಿನವನಾದರೆ, ಮುಂದಿನ ಸಂತೆಯಲ್ಲೋ ಮದುವೆಯಲ್ಲೋ ಎದುರಾಗಬೇಕಾದವನು, ಆದ್ದರಿಂದ ಸುಳ್ಳು ಹೇಳುವ ಮುಂಚೆ ಎರಡು ಸಲ ಯೋಚಿಸುತ್ತಾನೆ. ಬೆಂಗಳೂರಿನ ವ್ಯಾಪಾರಿಗೆ ಆ ಮುಲಾಜಿಲ್ಲ. ಮಸ್ಟ್ಯಾಂಗಿಗೆ ಬೆರಳು, ಮೂಗು ಸಾಲದು, ಸ್ಕ್ಯಾನರೂ ಬೇಕು. ಇಬ್ಬರನ್ನೂ ಕರೆದುಕೊಂಡು ಹೋಗು ಅಂದಿದ್ದೇನೆ: ನಮ್ಮೂರಿನ ಮೆಕ್ಯಾನಿಕ್ಕನ್ನೂ, ಬೆಂಗಳೂರಿನಲ್ಲಿ ಈ ಕಾರುಗಳನ್ನೇ ಮಾಡುವ, ವ್ಯಾಪಾರಿಗೆ ಸಂಬಂಧವಿಲ್ಲದ ಒಬ್ಬರನ್ನೂ. ಕಾರನ್ನು ಲಿಫ್ಟಿಗೆ ಏರಿಸಲು ವ್ಯಾಪಾರಿ ಒಪ್ಪದಿದ್ದರೆ ಮಾತು ಅಲ್ಲಿಗೇ ನಿಲ್ಲಲಿ.

ತಮ್ಮ ಹೆಮ್ಮೆಯಿಂದ ಹೇಳುವ ಇನ್ನೊಂದು ಮಾತು, ಕಾರು ತುಂಬ ಕಮ್ಮಿ ಓಡಿದೆ ಅಂತ. ನನಗೆ ಅದೇ ಅನುಮಾನ. ಬೇಸ್‌ಮೆಂಟಿನಲ್ಲಿ ವರ್ಷಗಟ್ಟಲೆ ಕವರು ಹೊದ್ದು ನಿಂತ ಸ್ಪೋರ್ಟ್ಸ್ ಕಾರಿನ ರಬ್ಬರ್ ಸೀಲುಗಳು ಒಣಗಿ, ಓಡಿಸಲು ಶುರು ಮಾಡಿದ ಮೇಲೆ ಒಂದೊಂದಾಗಿ ಆಯಿಲ್ ಬಿಡುತ್ತವೆ. ಆ ಸೀಲುಗಳು ಕರಾರಿನ ಹೊರಗೆ ಅಂತ ಆಗಲೇ ಹೇಳಿದೆನಲ್ಲ. ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ ಬಿಲ್ಲುಗಳಿರುವ, ಸ್ವಲ್ಪ ಹೆಚ್ಚೇ ಓಡಿದ ಕಾರು ಸಿಕ್ಕರೆ ನಾನು ಅದನ್ನೇ ತಗೊಳ್ಳುತ್ತೇನೆ.

ಈ ವಾರಂಟಿಯ ಬೆಲೆಯಲ್ಲಿ ವ್ಯಾಪಾರಿಯ ಕಮಿಷನ್, ಕ್ಲೇಮು ನೋಡುವ ಕಂಪನಿಯ ಖರ್ಚು, ದುಡ್ಡು ಕೊಡುವವರ ಲಾಭ, ಮೇಲೆ ಜಿಎಸ್‌ಟಿ ಎಲ್ಲ ಸೇರಿದೆ. ಅಷ್ಟೆಲ್ಲ ಕಳೆದು ಉಳಿದದ್ದು ರಿಪೇರಿಗೆ. ಮೈಸೂರಿನಲ್ಲಿ ತಯಾರಕರದೇ ವರ್ಕ್‌ಶಾಪಿರುವ ಕಾರನ್ನು ಆರಿಸಿ, ತಯಾರಕರದೇ ವಾರಂಟಿ ಇನ್ನೂ ಚಾಲ್ತಿಯಲ್ಲಿದ್ದು ಅದನ್ನು ಮುಂದುವರಿಸುವುದಾದರೆ ನಾನೇ ಕಟ್ಟು ಅಂತೀನಿ. ಅವನಿಗೆ ಮಸ್ಟ್ಯಾಂಗೇ ಬೇಕು. ಸರಿ. ಹಾಗಾದರೆ ವಾರಂಟಿಗೆ ಇಟ್ಟ ದುಡ್ಡಿನಲ್ಲಿ ಮೊದಲು ತಪಾಸಣೆ ಮಾಡಿಸಲಿ. ಇನ್ಶೂರೆನ್ಸ್ ಮಾಡಿಸುವಾಗ ಇಂಜಿನ್ ಪ್ರೊಟೆಕ್ಟ್ ಸೇರಿಸಲಿ, ಯಾಕೆಂದರೆ ನೀರು ನುಗ್ಗಿದ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಹಾಳು ಮಾಡಿಕೊಂಡರೆ ಮಾಮೂಲಿ ಪಾಲಿಸಿ ಅದಕ್ಕೆ ದುಡ್ಡು ಕೊಡುವುದಿಲ್ಲ, ಮತ್ತು ನಮ್ಮ ಮಳೆಯಲ್ಲಿ ಗೇರ್‌ಬಾಕ್ಸಿಗಿಂತ ಮೊದಲು ಬರುವ ಗಂಡಾಂತರ ಅದೇ. ಉಳಿದದ್ದನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಡಲಿ, ಚಿಕ್ಕಪ್ಪನ ಹೆಸರಿನಲ್ಲಿ. ಅವನ ಹೆಸರಿನಲ್ಲಿಟ್ಟರೆ ಮುಂದಿನ ಕಾಫಿ ಕೊಯ್ಲಿನೊಳಗೆ ಅದು ಅಲಾಯ್ ವೀಲ್ ಆಗಿರುತ್ತದೆ.