ಅಮ್ಮ ನಗುವ ಚಾನೆಲ್

ಟಿವಿಯಲ್ಲಿ ಹಾಸ್ಯದ ಕಾರ್ಯಕ್ರಮ ಬರುವಾಗ ನನ್ನ ಅಮ್ಮ ನಗುವುದಿಲ್ಲ. ಕನ್ನಡಕ ಮೇಲೇರಿಸಿಕೊಂಡು, ಜಾತಕ ನೋಡುವವರ ಮುಖ ಮಾಡಿಕೊಂಡು ಕೂರುತ್ತಾಳೆ. ಪರದೆಯ ಮೇಲೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ಜಗಳವಾಡುತ್ತಿದ್ದರೆ ಅವಳ ಕಣ್ಣು ಒಲೆಯ ಮೇಲೆ. "ಅರ್ಧ ಗಂಟೆಯಿಂದ ಸೌಟು ತಿರುಗಿಸ್ತಿದಾಳೆ, ಪಾತ್ರೆಯಲ್ಲಿ ಎಂತದೂ ಇಲ್ಲ ಮಾರಾಯ" ಎನ್ನುವುದು ಅವಳ ವಿಮರ್ಶೆ. ಅದೇ ಪೆಂಗ್ವಿನ್ ಒಂದು ಹಿಮದ ಮೇಲೆ ಜಾರಿ ಮಕಾಡೆ ಬಿದ್ದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾಳೆ. ಹಾಸ್ಯವನ್ನು ಸಾಕ್ಷ್ಯಚಿತ್ರದ ಹಾಗೆ, ಸಾಕ್ಷ್ಯಚಿತ್ರವನ್ನು ಹಾಸ್ಯದ ಹಾಗೆ ನೋಡುವ ಈ ಹೆಂಗಸಿಗೆ ಏನೋ ತಲೆಕೆಳಗಾಗಿದೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಚೆಗೆ ನಾನೂ ಅವಳ ಪಕ್ಷ ಸೇರಿದ್ದೇನೆ.

ಕಾರಣ ಹೇಳುತ್ತೇನೆ. ವಾರದ ಕೊನೆಗೆ ಬರುವ ನಗೆ ಕಾರ್ಯಕ್ರಮಗಳಲ್ಲಿ ನಮಗೆಂದು ಉಳಿಸಿರುವ ಕೆಲಸವೇ ಇಲ್ಲ. ಮೀಸೆ ಹೊತ್ತ ಗಂಡಸೊಬ್ಬ ಸೀರೆ ಉಟ್ಟು ಬರುತ್ತಾನೆ, ಟೊಂಯ್ ಎಂದು ಸದ್ದಾಗುತ್ತದೆ. ದಪ್ಪಗಿರುವವನನ್ನು ಆನೆ ಎನ್ನುತ್ತಾರೆ, ಕಪ್ಪಗಿರುವವನಿಗೆ ಲೈಟು ಹಾಕಿ ಎನ್ನುತ್ತಾರೆ, ಮತ್ತೆ ಟೊಂಯ್. ಕೂಡಲೇ ಕ್ಯಾಮೆರಾ ತೀರ್ಪುಗಾರರ ಕಡೆ ಓಡುತ್ತದೆ. ಸಿಂಹಾಸನದಂಥ ಕುರ್ಚಿಯಲ್ಲಿ ಕೂತವರು ಮೇಜು ಗುದ್ದುತ್ತಾರೆ, ಪಕ್ಕದವರ ಹೆಗಲ ಮೇಲೆ ಉರುಳುತ್ತಾರೆ, ಒಬ್ಬರಂತೂ ಎದ್ದು ಓಡಿಹೋಗಿ ವಾಪಸು ಬರುತ್ತಾರೆ. ನಮ್ಮ ಪಾಲಿನ ನಗುವನ್ನೂ ಅವರೇ ನಕ್ಕು ಮುಗಿಸಿರುತ್ತಾರೆ. ಮದುವೆಮನೆಯಲ್ಲಿ ಕೊನೇ ಪಂಕ್ತಿಗೆ ಕೂತವನಿಗೆ ಹೋಳಿಗೆ ಖಾಲಿಯಾದಂತೆ.

ಈ ಪರಭಾರೆ ನಗುವಿಗೆ ಚರಿತ್ರೆಯೂ ಉಂಟು. 1950ರ ದಶಕದಲ್ಲಿ ಅಮೆರಿಕದ ಚಾರ್ಲಿ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್ ಟೈಪ್‌ರೈಟರಿನ ಹಾಗೆ ಕೀಲಿಗಳಿರುವ ಒಂದು ಯಂತ್ರ ಮಾಡಿದ. ಒಂದು ಕೀಲಿ ಒತ್ತಿದರೆ ಮುಸಿಮುಸಿ ನಗು, ಇನ್ನೊಂದಕ್ಕೆ ಹೊಟ್ಟೆ ಹುಣ್ಣಾಗುವ ನಗು. ಗುಟ್ಟು ಬಯಲಾಗದಿರಲಿ ಎಂದು ಪೆಟ್ಟಿಗೆಗೆ ಬೀಗ ಹಾಕಿ ಇಟ್ಟುಕೊಳ್ಳುತ್ತಿದ್ದನಂತೆ. ಕೊರಿಯಾ ಯುದ್ಧದ ಮಿಲಿಟರಿ ಆಸ್ಪತ್ರೆಯ ಕತೆಯಿದ್ದ 'ಮ್ಯಾಶ್' ಧಾರಾವಾಹಿಗೂ ಚಾನೆಲ್‌ನವರು ನಗು ಸೇರಿಸಲೇಬೇಕು ಎಂದು ಹಟ ಹಿಡಿದರು. ಆಪರೇಷನ್ ಕೋಣೆಯ ದೃಶ್ಯಗಳಲ್ಲಿ ಮಾತ್ರ ಬೇಡ ಎಂದು ನಿರ್ಮಾಪಕರು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಹೊಟ್ಟೆ ಕೊಯ್ಯುವಾಗ ಯಾರೂ ನಗಬಾರದು ಎನ್ನುವುದಕ್ಕೂ ಚೌಕಾಸಿ!

ಹಾಗಂತ ನಾನು ಹಾಸ್ಯದ್ವೇಷಿಯಲ್ಲ. ಈಟಿವಿಯಲ್ಲಿ 'ಪಾಪ ಪಾಂಡು' ಬರುತ್ತಿದ್ದ ಕಾಲಕ್ಕೆ ನಮ್ಮ ಮನೆಯಲ್ಲಿ ಊಟದ ಹೊತ್ತೇ ಬದಲಾಗಿತ್ತು. ಹೆಂಡತಿಗೆ ಹೆದರುವ ಪಾಂಡುವನ್ನು ನೋಡಿ ಅಪ್ಪ ಗಹಗಹಿಸಿ ನಗುತ್ತಿದ್ದ, ಅಮ್ಮ ಅಪ್ಪನನ್ನು ನೋಡುತ್ತಿದ್ದಳು, ಅಪ್ಪನ ನಗು ನಿಧಾನಕ್ಕೆ ಕೆಮ್ಮಾಗುತ್ತಿತ್ತು. ನನಗೆ ಆ ಕೆಮ್ಮೇ ಕಾರ್ಯಕ್ರಮ. ಶಂಕರ್‌ನಾಗ್ 1986ರಲ್ಲಿ ಆಗುಂಬೆಗೆ ಹೋಗಿ ಮಾಡಿದ 'ಮಾಲ್ಗುಡಿ ಡೇಸ್' ಬಗ್ಗೆಯಂತೂ ಅಮ್ಮನಿಗೂ ತಕರಾರಿಲ್ಲ. ಅದರಲ್ಲಿ ಯಾರೂ ನಮ್ಮ ಪಕ್ಕೆಲುಬಿಗೆ ತಿವಿದು ನಗು ನಗು ಎನ್ನುವುದಿಲ್ಲ. ಸ್ವಾಮಿ ಶಾಲೆಗೆ ಚಕ್ಕರ್ ಹೊಡೆಯಲು ತಲೆನೋವು ತಂದುಕೊಳ್ಳುತ್ತಾನೆ, ನಮಗೆ ನಮ್ಮದೇ ಹಳೆಯ ಹೊಟ್ಟೆನೋವುಗಳು ನೆನಪಾಗುತ್ತವೆ. ಅಷ್ಟೇ.

ಇನ್ನು ಸಾಕ್ಷ್ಯಚಿತ್ರದವರು ಸಾಚಾ ಎಂದು ಯಾರಾದರೂ ಅಂದುಕೊಂಡಿದ್ದರೆ ಅದೂ ಬೇಡ. ಹಿಂದೆ ಟಾಕೀಸುಗಳಲ್ಲಿ ಸಿನಿಮಾಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್‌ನ ವಾರ್ತಾಚಿತ್ರ ಹಾಕುವುದು ಕಡ್ಡಾಯವಾಗಿತ್ತು. ಅಪ್ಪ ಅದನ್ನು ಬೀಡಿಯ ಸಮಯ ಎಂದೇ ಕರೆಯುತ್ತಿದ್ದ. ಪ್ರವಾಹ, ಅಣೆಕಟ್ಟು, ಸುಧಾರಿತ ಭತ್ತದ ತಳಿ ಎಲ್ಲ ಮುಗಿದು ಹೆಸರು ತೋರಿಸುವ ಹೊತ್ತಿಗೆ ಸರಿಯಾಗಿ ಒಳಗೆ ಬರುವುದರಲ್ಲಿ ಅವನು ನಿಷ್ಣಾತ. ಈಗಿನವು ಅಷ್ಟು ಸಪ್ಪೆಯಲ್ಲ, ಆದರೆ ಖಾರ ಜಾಸ್ತಿ. ಜಿಂಕೆ ಸುಮ್ಮನೆ ನೀರು ಕುಡಿಯುತ್ತಿದ್ದರೂ ಹಿಂದೆ ನಗಾರಿ. ಕನ್ನಡಕ್ಕೆ ಡಬ್ ಮಾಡಿದ ದನಿ, "ಆದರೆ ಆಕೆಗೆ ತಿಳಿದಿಲ್ಲ, ಸಾವು ಆಕೆಗಾಗಿ ಕಾಯುತ್ತಿದೆ" ಎನ್ನುತ್ತದೆ. ಜಿಂಕೆಗೆ ತಿಳಿಯದೆ ಏನು? ಅದರ ಕಿವಿ ನೋಡಿದರೆ ಗೊತ್ತಾಗುವುದಿಲ್ಲವೇ?

ಸದ್ದಿನ ಕತೆಯೂ ಹಾಗೇ. ಹಿಮಕರಡಿಯನ್ನು ಅರ್ಧ ಮೈಲು ದೂರದಿಂದ ಉದ್ದನೆಯ ಲೆನ್ಸಿನಲ್ಲಿ ಹಿಡಿಯಬಹುದು, ಅಷ್ಟು ದೂರದಿಂದ ಅದರ ಹೆಜ್ಜೆ ಸಪ್ಪಳ ಮೈಕಿಗೆ ಎಲ್ಲಿ ಸಿಗಬೇಕು? ಹಾಗಾಗಿ ಸ್ಟುಡಿಯೋದಲ್ಲಿ ಕೂತು ಕಸ್ಟರ್ಡ್ ಪುಡಿಯನ್ನೋ ಜೋಳದ ಹಿಟ್ಟನ್ನೋ ಚೀಲಕ್ಕೆ ತುಂಬಿ ಕಿರ್‍ರಕ್ ಕಿರ್‍ರಕ್ ಎಂದು ಹಿಸುಕುತ್ತಾರೆ. ಇದನ್ನು ಕೇಳಿದ ಮೇಲೆ ಅಮ್ಮ ಹಿಮಕರಡಿ ಬಂದಾಗಲೆಲ್ಲ "ಹಿಟ್ಟು ಹಾಳು" ಎಂದು ಗೊಣಗುತ್ತಾಳೆ. ಹಿಟ್ಟಾದರೆ ಹೋಗಲಿ. 1958ರಲ್ಲಿ ಡಿಸ್ನಿಯವರ 'ವೈಟ್ ವೈಲ್ಡರ್‌ನೆಸ್' ಎಂಬ ಚಿತ್ರ ಬಂತು. ಲೆಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಸಾಲಾಗಿ ಹೋಗಿ ಸಮುದ್ರಕ್ಕೆ ಹಾರುತ್ತವೆ ಎಂದು ಅದರಲ್ಲಿ ತೋರಿಸಿದ್ದರು. ಚಿತ್ರೀಕರಣ ನಡೆದದ್ದು ಸಮುದ್ರವೇ ಇಲ್ಲದ, ಕೆನಡಾದ ಅಲ್ಬರ್ಟಾ ಪ್ರಾಂತ್ಯದಲ್ಲಿ. ಲೆಮಿಂಗ್‌ಗಳನ್ನು ಬೇರೆ ಕಡೆಯಿಂದ ತಂದು ನದಿಗೆ ತಳ್ಳಿದ್ದರು. ಅದಕ್ಕೆ ಆಸ್ಕರ್ ಬೇರೆ. "ಇದಕ್ಕಿಂತ ನಾಟಕದವರು ವಾಸಿ," ಅಂದಳು ಅಮ್ಮ, "ಬಣ್ಣ ಹಚ್ಚಿದೀವಿ ಅಂತ ಮೊದಲೇ ಹೇಳ್ತಾರೆ."

ಇಷ್ಟೆಲ್ಲ ಗೊತ್ತಿದ್ದೂ ಅವಳು ನಗುವುದು ಅಲ್ಲೇ. ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆ ನಮ್ಮ ಘಟ್ಟದಲ್ಲಿದೆ. ಉಗುರಿನಷ್ಟೇ ಅನ್ನಿಸುವ ಪುಟ್ಟ ಪ್ರಾಣಿ. ಹಳ್ಳದ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲವೆಂದು ಗಂಡು ಕಪ್ಪೆ ಕಲ್ಲಿನ ಮೇಲೆ ಕೂತು ಹಿಂಗಾಲೊಂದನ್ನು ನೆಟ್ಟಗೆ ಚಾಚಿ, ಬೆರಳು ಬಿಡಿಸಿ ತೋರಿಸಿ, ಮಡಚಿಕೊಳ್ಳುತ್ತದೆ. ಇದು ನನ್ನ ಜಾಗ, ಆಚೆ ಹೋಗು ಎಂದರ್ಥ. ಇನ್ನೊಂದು ಕಲ್ಲಿನವನೂ ಕಾಲು ಚಾಚುತ್ತಾನೆ. ಇವನು ಮತ್ತೆ. ಅವನು ಮತ್ತೆ. ಅಮ್ಮನಿಗೆ ಉಸಿರು ಸಿಕ್ಕಿಕೊಂಡಿತು. "ನಿನ್ನ ದೊಡ್ಡಪ್ಪ ಮಾರಾಯ! ತೋಟದ ಬೇಲಿ ಹತ್ರ ನಿಂತು ಹಿಂಗೇ ಕಾಲು ಕುಟ್ತಿದ್ರು!" ಆ ಕಪ್ಪೆಗೆ ಟೊಂಯ್ ಹಾಕಿದ್ದರೆ ದೊಡ್ಡಪ್ಪ ನೆನಪಾಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

'ವೈಲ್ಡ್ ಕರ್ನಾಟಕ' ಎಂಬ ವನ್ಯಜೀವಿ ಸಾಕ್ಷ್ಯಚಿತ್ರ 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೆ ಬಂದಾಗ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಆಮೇಲೆ ಟಿವಿಗೆ ಬಂದಾಗ ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಹಿರಿಯರಿಗೆ ಅಗೌರವವಲ್ಲ, ಆದರೆ ನಮ್ಮ ಕಾಡಿನ ಪ್ರಾಣಿಯ ವಿಷಯವನ್ನು ನಮ್ಮ ಕರಾವಳಿಯ ನಾಲಿಗೆಯಲ್ಲಿ ಕೇಳುವುದು ಬೇರೆಯೇ ಸುಖ.

ಮೊನ್ನೆ ಕಾಳಿಂಗದ ಸರದಿ. ಆಗುಂಬೆಯಲ್ಲಿ ಹಾವುತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ ಮೇಲೆ, ಸ್ವಾಮಿ ಓಡಾಡಿದ ಊರಿಗೆ ಹಾವಿನ ಹಿಂದೆ ಕ್ಯಾಮೆರಾಗಳು ಬರತೊಡಗಿವೆ. ಅಕ್ಕನ ಫೋನ್ ಬಂದಿದ್ದರಿಂದ ನಾನು ಟಿವಿಯ ದನಿ ಪೂರ್ತಿ ಅಡಗಿಸಿದ್ದೆ. ನಗಾರಿ ಇಲ್ಲ, ಸಾವು ಕಾಯುತ್ತಿಲ್ಲ. ಹೆಣ್ಣು ಕಾಳಿಂಗ ಮೈಯನ್ನೇ ಸುರುಳಿ ಮಾಡಿ ಒಣಗಿದೆಲೆಗಳನ್ನು ಎಳೆದೆಳೆದು ರಾಶಿ ಹಾಕುತ್ತಿತ್ತು.

"ಅದೆಂತ ಮಾಡ್ತಿದೆ?"

"ಗೂಡು ಕಟ್ತಿದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟೋದು ಇದೊಂದೇ."

"ಕೈಯಿಲ್ಲ, ಕಾಲಿಲ್ಲ, ಎಷ್ಟು ಚಂದ ದರಗು ಒಟ್ಟು ಮಾಡ್ತದೆ ನೋಡು. ನಮ್ಮ ಕೊಟ್ಟಿಗೆಗೆ ಬೇಕಿತ್ತು."

ಮೊಟ್ಟೆಗಳ ಮೇಲೆ ಎಲೆ ಹೊದಿಸಿ, ಊಟ ಬಿಟ್ಟು, ವಾರಗಟ್ಟಲೆ ಕಾವಲು ಕೂತ ಹಾವು ಮರಿ ಹೊರಬರುವ ಸ್ವಲ್ಪ ಮೊದಲು ಗೂಡು ಬಿಟ್ಟು ಹೊರಟುಹೋಗುತ್ತದೆ. ಅದನ್ನೂ ಹೇಳಿದೆ. ಫೋನಿನಲ್ಲಿ ಅಕ್ಕ ಏನೋ ಹೇಳುತ್ತಲೇ ಇದ್ದಳು. ಅಮ್ಮ ಪರದೆಯ ಕಡೆ ಬಗ್ಗಿ, ನಿಜವಾಗಿ ಗಾಬರಿಯಾದವಳಂತೆ ಕೇಳಿದಳು:

"ಹಂಗಾದ್ರೆ ಬಾಣಂತನ ಯಾರು ಮಾಡೋದು?"