ಸತ್ಯಾಂಶ: ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 25% ಸೀಟು ಎಲ್ಲರಿಗೂ ಅಲ್ಲ

"ಸಂಬಳ ಎಷ್ಟೇ ಇರಲಿ, ಆರ್‌ಟಿಇ ಅರ್ಜಿ ಹಾಕಿದರೆ ಖಾಸಗಿ ಶಾಲೆ ಫೀ ಪೂರ್ತಿ ಮಾಫಿ" ಅನ್ನೋ ಮೆಸೇಜ್ ಬೆಳಗಾವಿ ಪಾಲಕರ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಸುಳ್ಳು. 2009ರ ಈ ಕಾಯ್ದೆ ಸರ್ಕಾರದ ಅನುದಾನವಿಲ್ಲದ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ 25% ಸೀಟು ಇಟ್ಟಿರುವುದು ಬಡ ಮನೆಯ ಮತ್ತು ಸಾಮಾಜಿಕವಾಗಿ ಹಿಂದುಳಿದ ಗುಂಪುಗಳ ಮಕ್ಕಳಿಗೆ. ಸರ್ಕಾರ ಕಟ್ಟುವುದೂ ಶಾಲೆ ಕೇಳಿದಷ್ಟಲ್ಲ; ತಾನು ಒಂದು ಮಗುವಿಗೆ ಮಾಡುವ ಖರ್ಚು, ಆ ಶಾಲೆಯ ಫೀ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. 2019ರಿಂದ ನಮ್ಮ ರಾಜ್ಯದಲ್ಲಿ ಇನ್ನೊಂದು ಬಿಗಿ: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಈ ಕೋಟಾ ಇಲ್ಲ. ಇರೋದೇ ಸ್ವಲ್ಪ ಸೀಟು, ಅಲ್ವಾ? ಚೆನ್ನಾಗಿ ದುಡಿಯುವವರು ಆದಾಯ ಕಡಿಮೆ ತೋರಿಸಿ ಅದನ್ನೂ ಹಿಡಿದರೆ ಹಮಾಲರ ಮಗು ಹೊರಗುಳಿಯುತ್ತದೆ, ಅದು ದೊಡ್ಡ ಅನ್ಯಾಯ. ಶಾಲೆ ತನ್ನ ದುಡ್ಡಲ್ಲಿ ಕೊಡುವ ರಿಯಾಯಿತಿ ಬೇರೆ ಮಾತು, ಅದನ್ನು ಶಾಲೆಯ ಆಫೀಸಿನಲ್ಲೇ ಕೇಳಿ.